ಅಪ್ಪನ ಏಳುನೂರು ಮೀಟರ್ ದಾರಿ

ನನ್ನ ತಂದೆಯವರಿಗೆ ಈಗ 81 ವರ್ಷ. ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಮನೆಯಿಂದ ಹೊರಟು, ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ನಡೆದುಹೋಗಿ, ನಾಲ್ಕೈದು ಪತ್ರಿಕೆಗಳನ್ನು ಓದಿ, ಅಲ್ಲಿಗೆ ಬರುವ ಓರಗೆಯವರೊಡನೆ ಒಂದಿಷ್ಟು ಮಾತನಾಡಿ, ಹನ್ನೊಂದರ ಹೊತ್ತಿಗೆ ಸೊಪ್ಪೋ ತರಕಾರಿಯೋ ಹಿಡಿದುಕೊಂಡು ಹಿಂದಿರುಗುವುದು ಇಪ್ಪತ್ತು ವರ್ಷಗಳ ಕಾಲ ಅವರ ದಿನಚರಿಯಾಗಿತ್ತು. ಕಳೆದ ವರ್ಷ ಮಳೆಗಾಲ ಮುಗಿಯುವಷ್ಟರಲ್ಲಿ ಈ ನಡಿಗೆ ನಿಂತುಹೋಯಿತು. ನಾನು ಅದನ್ನು ಗಮನಿಸಿದ್ದೂ ತಡವಾಗಿಯೇ. ಕೇಳಿದರೆ, "ಪೇಪರು ಮನೆಗೇ ಬರುತ್ತಲ್ಲಮ್ಮ, ಅಲ್ಲಿಗೆ ಹೋಗಿ ಏನು ಮಾಡಲಿ?" ಎಂದರು. ವಯಸ್ಸಾಯಿತು, ಕಾಲು ಸೋತಿರಬೇಕು ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟೆವು.

ಆದರೆ ಅದೇ ಅಪ್ಪ ದಿನಕ್ಕೆರಡು ಬಾರಿ ತಾರಸಿಗೆ ಹತ್ತಿ ಹೋಗಿ ಕರಿಬೇವಿನ ಕುಂಡಕ್ಕೂ ದಾಸವಾಳಕ್ಕೂ ನೀರು ಹಾಕಿ ಬರುತ್ತಿದ್ದರು. ಹತ್ತೊಂಬತ್ತು ಮೆಟ್ಟಿಲು ಹತ್ತುವ ಕಾಲು ಏಳುನೂರು ಮೀಟರ್ ಸಮತಟ್ಟಾದ ದಾರಿಯನ್ನು ಏಕೆ ನಡೆಯಲಾರದು ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆದದ್ದು ಒಂದು ಭಾನುವಾರ. ಅಂದೇ ಅವರನ್ನು ಒಪ್ಪಿಸಿ ಜೊತೆಯಲ್ಲಿ ಹೊರಟೆ. ಬಡಗಿಯವರು ಬಿಟ್ಟುಹೋಗಿದ್ದ ಅಳತೆ ಟೇಪೊಂದು ಮನೆಯಲ್ಲಿತ್ತು. ಅದನ್ನೂ ಕೈಚೀಲಕ್ಕೆ ಹಾಕಿಕೊಂಡೆ.

ದಾರಿ ಸಮತಟ್ಟಾಗಿದೆ ಎಂದು ನಾನು ತಿಳಿದಿದ್ದೇ ತಪ್ಪು. ನಾವಿರುವುದು ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ. ಇಲ್ಲಿನ ಫುಟ್‌ಪಾತ್ ಎಂದರೆ ಮೋರಿಯ ಮೇಲೆ ಹಾಸಿದ ಚಪ್ಪಡಿ ಕಲ್ಲುಗಳ ಸಾಲು. ಮೋರಿಯ ಗೋಡೆ ಎಷ್ಟು ಎತ್ತರವೋ ಫುಟ್‌ಪಾತೂ ಅಷ್ಟೇ ಎತ್ತರ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಒಳಗೆ ಹೋಗಲೆಂದು ಅದನ್ನು ಕಡಿದು ಇಳಿಜಾರು ಮಾಡಿದ್ದಾರೆ. ಅಲ್ಲಿಗೆ ಬಂದವರು ಇಳಿಯಬೇಕು, ಗೇಟು ದಾಟಿ ಮತ್ತೆ ಹತ್ತಬೇಕು. ನಮ್ಮ ಮನೆಯಿಂದ ಗ್ರಂಥಾಲಯದವರೆಗೆ ಹೀಗೆ ಹತ್ತಿ ಇಳಿಯುವ ಜಾಗಗಳು ಇಪ್ಪತ್ತೆರಡು. ಟ್ರಾನ್ಸ್‌ಫಾರ್ಮರ್ ಕೂರಿಸಿರುವ ಕಡೆ ಫುಟ್‌ಪಾತೇ ಇಲ್ಲ, ರಸ್ತೆಗೇ ಇಳಿಯಬೇಕು. ನಮ್ಮ ತಾರಸಿಯ ಮೆಟ್ಟಿಲು 16 ಸೆಂಟಿಮೀಟರ್ ಎತ್ತರವಿದೆ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿಯಿದೆ. ಆ ದಾರಿಯಲ್ಲಿ ನಾನು ಅಳೆದ ಅತಿ ಎತ್ತರದ ಅಂಚು 34 ಸೆಂಟಿಮೀಟರ್ ಇತ್ತು, ಹಿಡಿಯಲು ಏನೂ ಇರಲಿಲ್ಲ. ಅಪ್ಪ ಅಲ್ಲಿ ನಿಂತರು, ಎಡಗೈಯನ್ನು ಮಂಡಿಯ ಮೇಲೆ ಊರಿ, ಬಲಗೈಯಿಂದ ಯಾರದೋ ಕಾಂಪೌಂಡ್ ಗೋಡೆಯನ್ನು ತಡವಿ, ಮೊದಲು ಒಂದು ಪಾದವನ್ನು ಮೇಲಿಟ್ಟು, ಅದು ನಿಂತಿದೆಯೆಂದು ಖಚಿತವಾದ ಮೇಲೆ ಇನ್ನೊಂದನ್ನು ಎತ್ತಿದರು. ಹತ್ತಿದ ಚಪ್ಪಡಿ ಅವರ ಭಾರಕ್ಕೆ "ಟಕ್" ಎಂದು ಒಂದು ಬದಿಗೆ ವಾಲಿತು. "ಇದೇ ನೋಡು, ಮಳೆಗಾಲದಲ್ಲಿ ಇದರ ಮೇಲೆ ಕಾಲಿಟ್ಟಾಗ ಎದೆ ಧಸಕ್ ಅಂತು" ಎಂದರು. ಬಿದ್ದಿರಲಿಲ್ಲ, ಬೀಳುವುದರಲ್ಲಿದ್ದರು. ಅದನ್ನು ಮನೆಯಲ್ಲಿ ಹೇಳಿದರೆ ನಾವು ಹೊರಗೆ ಬಿಡುವುದಿಲ್ಲವೆಂದು ಹೇಳಿರಲಿಲ್ಲ. ಹೇಳದೆ ತಾವೇ ಹೊರಗೆ ಹೋಗುವುದನ್ನು ಬಿಟ್ಟಿದ್ದರು.

ಅಂದಿನಿಂದ ಈ ವಿಷಯವನ್ನು ನಾನು ಬೇರೆ ರೀತಿಯಲ್ಲಿ ನೋಡತೊಡಗಿದ್ದೇನೆ. ವಯಸ್ಸಾದವರು ಮನೆ ಸೇರಿಕೊಂಡರೆ ಅದನ್ನು ಅವರ ದೇಹದ ಲಕ್ಷಣವೆಂದು ನಾವು ಬರೆದುಕೊಳ್ಳುತ್ತೇವೆ. ಅದರಲ್ಲಿ ರಸ್ತೆಯ ಪಾಲು ಎಷ್ಟು ಎಂದು ಅಳೆಯುವ ಗೋಜಿಗೆ ಯಾರೂ ಹೋಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಹಿರಿಯ ಸ್ನೇಹಿ ನಗರಗಳ ಬಗ್ಗೆ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿತು. 22 ದೇಶಗಳ 33 ನಗರಗಳಲ್ಲಿ ಹಿರಿಯರನ್ನೇ ಕೂರಿಸಿಕೊಂಡು ಕೇಳಿ ತಿಳಿದ ಸಂಗತಿಗಳ ಮೇಲೆ ಅದು ನಿಂತಿದೆ. ಭಾರತದಿಂದ ಹೊಸದಿಲ್ಲಿ ಮತ್ತು ಉದಯಪುರದ ಹಿರಿಯರೂ ಅದರಲ್ಲಿದ್ದರು. ಹೊರಾಂಗಣ ಮತ್ತು ಕಟ್ಟಡಗಳು, ಸಾರಿಗೆ, ವಸತಿ ಎಂದು ಆರಂಭವಾಗಿ ಗೌರವ, ಮಾಹಿತಿ, ಆರೋಗ್ಯ ಸೇವೆಯವರೆಗೆ ಎಂಟು ವಿಭಾಗಗಳಲ್ಲಿ ಒಂದು ಊರು ಹೇಗಿರಬೇಕೆಂದು ಅದು ಹೇಳುತ್ತದೆ. ಆ ಪುಸ್ತಿಕೆಯಲ್ಲಿ ನನಗೆ ಹಿಡಿಸಿದ್ದು ಅದರ ಸಾದಾತನ. ಕೂರಲು ಜಾಗವಿರಲಿ, ಫುಟ್‌ಪಾತಿನ ಅಂಚು ರಸ್ತೆಗೆ ನಯವಾಗಿ ಇಳಿಯಲಿ, ಶೌಚಾಲಯ ಹತ್ತಿರವಿರಲಿ, ರಸ್ತೆ ದಾಟಲು ಸಾಕಷ್ಟು ಹೊತ್ತು ಸಿಗಲಿ ಎಂಬಂಥ ಮಾತುಗಳೇ ಅದರ ತುಂಬ ಇವೆ. ಶಾಂಘೈ ಆಗಲಿ ನೈರೋಬಿ ಆಗಲಿ, ಮುಪ್ಪಿನಲ್ಲಿ ಮನುಷ್ಯರು ಊರಿನಿಂದ ಬಯಸುವುದು ಹೆಚ್ಚುಕಡಿಮೆ ಒಂದೇ ಎಂದು ಅದನ್ನು ಓದಿದಾಗ ಅನ್ನಿಸಿತು.

ನಮ್ಮ ದೇಶದಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಪಾದಚಾರಿ ಸೌಕರ್ಯಗಳಿಗಾಗಿ, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನ ಅಂಚು ರಸ್ತೆಯಿಂದ 150 ಮಿಲಿಮೀಟರಿಗಿಂತ ಎತ್ತರವಿರಬಾರದು, ನಡೆಯಲು ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಅಂದರೆ ಅಪ್ಪ ಮಂಡಿಗೆ ಕೈಯೂರಿ ಹತ್ತಿದ ಆ ಅಂಚು ನಿಯಮ ಹೇಳುವುದರ ಎರಡು ಪಟ್ಟಿಗಿಂತಲೂ ಹೆಚ್ಚು. ಗೇಟುಗಳ ಮುಂದೆ ಆಗಬೇಕಾದದ್ದೂ ಕಷ್ಟದ ಕೆಲಸವೇನಲ್ಲ. ಫುಟ್‌ಪಾತನ್ನು ತಗ್ಗಾಗಿ ಕಟ್ಟಿ, ಗೇಟಿನ ಮುಂದೆಯೂ ಒಂದೇ ಮಟ್ಟದಲ್ಲಿ ಮುಂದುವರಿಸಿ, ಅಂಚಿನಲ್ಲಿ ಮಾತ್ರ ಕಾರಿಗೆ ಸಣ್ಣ ಇಳಿಜಾರು ಕೊಟ್ಟರೆ ಸಾಕು; ಆಗ ನಡೆಯುವವರ ಬದಲು ಕಾರು ಹತ್ತಿ ಇಳಿಯುತ್ತದೆ. ಬೆಂಗಳೂರಿನ ನಡುಭಾಗದಲ್ಲಿ ಟೆಂಡರ್ ಶ್ಯೂರ್ ಯೋಜನೆಯಡಿ ಮಾಡಿರುವ ರಸ್ತೆಗಳಲ್ಲಿ, ಕೇಬಲ್ಲು ಕೊಳವೆಗಳನ್ನೆಲ್ಲ ನೆಲದಡಿ ಕ್ರಮವಾಗಿ ಜೋಡಿಸಿ ಮೇಲೆ ಅಗಲವಾದ ಫುಟ್‌ಪಾತ್ ಕೊಟ್ಟಿದ್ದಾರೆ. ಅಲ್ಲಿಗೆ ಅಪ್ಪನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ನನ್ನ ಕೈ ಬಿಡಿಸಿಕೊಂಡು ಅವರೊಬ್ಬರೇ ಮುಂದೆ ನಡೆದರು. ಮನೆಯ ಬಳಿ ನಡೆಯುವಾಗ ನೆಲವನ್ನೇ ನೋಡುವ ಅವರು ಅಲ್ಲಿ ತಲೆಯೆತ್ತಿ ಅಂಗಡಿಗಳ ಬೋರ್ಡುಗಳನ್ನು ಓದುತ್ತಿದ್ದರು.

ನಮ್ಮ ದಾರಿಯ ಎರಡನೆಯ ತೊಡಕು ನಾಲ್ಕು ರಸ್ತೆ ಕೂಡುವ ವೃತ್ತ. ಅಲ್ಲಿ ರಸ್ತೆಯ ಅಗಲ 14 ಮೀಟರ್, ಪಾದಚಾರಿಗಳಿಗೆ ಹಸಿರು ದೀಪ ಉರಿಯುವುದು 12 ಸೆಕೆಂಡು. ಸಿಗ್ನಲ್ ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆಂದು ಇಟ್ಟುಕೊಳ್ಳುತ್ತಾರೆ. ಆ ಲೆಕ್ಕಕ್ಕೆ 12 ಸೆಕೆಂಡು ಸರಿಯಾಗಿಯೇ ಇದೆ. ಆದರೆ 65 ದಾಟಿದ ಬಹುಪಾಲು ಜನ ಆ ವೇಗದಲ್ಲಿ ನಡೆಯಲಾರರು, ಸೆಕೆಂಡಿಗೆ 0.8 ಅಥವಾ 0.9 ಮೀಟರ್ ಅವರಿಗೆ ಸಹಜ. ಅಪ್ಪ ತಮ್ಮ ವೇಗವನ್ನು ಮನೆಯ ಹಜಾರದಲ್ಲಿ ಗಡಿಯಾರ ಹಿಡಿದು ತಾವೇ ಕಂಡುಕೊಂಡರು: 0.75. "ಹದಿನಾಲ್ಕನ್ನ ಮುಕ್ಕಾಲರಿಂದ ಭಾಗಿಸು. ಹದಿನೆಂಟು ಮುಕ್ಕಾಲು ಸೆಕೆಂಡಿಗೆ ಸ್ವಲ್ಪ ಕಡಿಮೆ. ನನಗೆ ಕೆಂಪು ಬಿದ್ದಾಗ ಇನ್ನೂ ಐದು ಮೀಟರ್ ಉಳಿದಿರುತ್ತೆ" ಎಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರು. ಆ ಐದು ಮೀಟರಿನಲ್ಲಿ ಬೈಕುಗಳು ಹಾರ್ನ್ ಒತ್ತುತ್ತ ಮುನ್ನುಗ್ಗುತ್ತವೆ, ಯಾರಾದರೂ ಒಬ್ಬರು "ಏನ್ ತಾತಾ, ಬೇಗ ಬನ್ನಿ" ಎನ್ನುತ್ತಾರೆ. ಜೀವನವಿಡೀ ತರಗತಿಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದ ಮೇಷ್ಟ್ರಿಗೆ ಆ ಮಾತು ಎಷ್ಟು ನಾಟಿರಬಹುದೆಂದು ನಾನು ಬಲ್ಲೆ.

ಸಿಂಗಪುರದಲ್ಲಿ ಇದಕ್ಕೆ 2009ರಲ್ಲೇ ಒಂದು ಉಪಾಯ ಕಂಡುಕೊಂಡರು. ಹಿರಿಯರು ತಮ್ಮ ರಿಯಾಯಿತಿ ಕಾರ್ಡನ್ನು ಸಿಗ್ನಲ್ ಕಂಬದ ಮೇಲಿನ ಪೆಟ್ಟಿಗೆಗೆ ತಾಗಿಸಿದರೆ, ರಸ್ತೆಯ ಅಗಲಕ್ಕೆ ತಕ್ಕಂತೆ ಹಸಿರು ದೀಪ 3ರಿಂದ 13 ಸೆಕೆಂಡು ಹೆಚ್ಚು ಹೊತ್ತು ಉರಿಯುತ್ತದೆ. ಬೇರೆಯವರಿಗೆ ಯಾವಾಗಲೂ ಕಾಯುವ ಕಷ್ಟವಿಲ್ಲ, ಬೇಕಾದವರಿಗೆ ಬೇಕಾದಾಗ ಸಮಯ ಸಿಗುತ್ತದೆ. ನಮ್ಮಲ್ಲಿ ಅಂಥ ಪೆಟ್ಟಿಗೆ ಬರುವವರೆಗೂ ಕಾಯಬೇಕಾಗಿಲ್ಲ. ಆಸ್ಪತ್ರೆ, ದೇವಸ್ಥಾನ, ಮಾರುಕಟ್ಟೆಗಳ ಹತ್ತಿರದ ವೃತ್ತಗಳಲ್ಲಿ ಏಳು ಸೆಕೆಂಡು ಹೆಚ್ಚಿಸುವುದಕ್ಕೆ ಹೊಸ ಯಂತ್ರವೇನೂ ಬೇಡ.

ಕೂರುವ ಜಾಗದ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ನೋವಾಗುತ್ತದೆ, ಏಕೆಂದರೆ ಇದು ನಾವು ಎಲ್ಲಿಂದಲೋ ಕಲಿಯಬೇಕಾದ ವಿದ್ಯೆಯಾಗಿರಲಿಲ್ಲ. ಊರಿನ ಅರಳಿಕಟ್ಟೆ, ಮನೆಯ ಮುಂದಿನ ಜಗಲಿ, ದೇವಸ್ಥಾನದ ಪೌಳಿ, ಸಂತೆಗೆ ಹೋಗುವ ದಾರಿಯಲ್ಲಿ ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳಲು ನಿಲ್ಲಿಸಿದ ಹೊರೆಗಲ್ಲು, ಇವೆಲ್ಲ ನಡೆಯುವವನಿಗೆ ದಣಿವಾಗುತ್ತದೆ ಎಂಬುದನ್ನು ಅರಿತವರು ಕಟ್ಟಿದವು. ಅಜ್ಜಿಯ ಊರಿನಲ್ಲಿ ಜಗಲಿಯಿಲ್ಲದ ಮನೆಯನ್ನು ನಾನು ನೋಡಿರಲಿಲ್ಲ. ದಾರಿಹೋಕರು ಕೇಳದೆಯೇ ಕೂರುತ್ತಿದ್ದರು, ಮನೆಯ ಹಿರಿಯರು ದಿನವಿಡೀ ಅಲ್ಲೇ ಕುಳಿತು ಬೀದಿಯೊಂದಿಗೆ ಮಾತನಾಡುತ್ತಿದ್ದರು. ನಗರದಲ್ಲಿ ನಿವೇಶನದ ಅಳತೆ ಕುಗ್ಗಿ ಜಗಲಿಯ ಜಾಗಕ್ಕೆ ಕಾಂಪೌಂಡ್ ಗೋಡೆ ಬಂತು, ಅದರ ಮೇಲೆ ಯಾರೂ ಕೂರದಿರಲೆಂದು ಕೆಲವರು ಗಾಜಿನ ಚೂರು ನೆಟ್ಟರು. ಅಪ್ಪನ ಏಳುನೂರು ಮೀಟರಿನಲ್ಲಿ ಕೂರಲು ಯೋಗ್ಯವಾದ ಒಂದೇ ಒಂದು ಜಾಗವೂ ಇರಲಿಲ್ಲ. ನೂರೈವತ್ತು ಇನ್ನೂರು ಮೀಟರಿಗೊಮ್ಮೆ ಎರಡು ನಿಮಿಷ ಕೂತೇಳುವ ಅವಕಾಶವಿದ್ದರೆ, ಒಂದು ಕಿಲೋಮೀಟರ್ ನಡೆಯಲಾರೆ ಎನ್ನುವವರು ಎರಡು ಕಿಲೋಮೀಟರ್ ನಡೆದಾರು.

ನ್ಯೂಯಾರ್ಕ್ ನಗರದ ಸಾರಿಗೆ ಇಲಾಖೆ 2011ರಲ್ಲಿ ಬೀದಿ ಬೆಂಚುಗಳ ಕಾರ್ಯಕ್ರಮವೊಂದನ್ನು ಆರಂಭಿಸಿತು. ನಿವಾಸಿಗಳು ತಮ್ಮ ಬೀದಿಗೆ, ಬಸ್ ನಿಲ್ದಾಣಕ್ಕೆ ಬೆಂಚು ಬೇಕೆಂದು ಕೇಳಬಹುದು; ಹಿರಿಯರು ಹೆಚ್ಚಾಗಿರುವ ಜಾಗಗಳಿಗೆ ಆದ್ಯತೆ. ಹೀಗೆ ಸಾವಿರಕ್ಕೂ ಹೆಚ್ಚು ಬೆಂಚುಗಳನ್ನು ಹಾಕಿದರು. ಬೆಂಚು ಎಂದರೆ ಹೇಗಾದರೂ ಇರುವ ಬೆಂಚಲ್ಲ. ತೀರಾ ತಗ್ಗಾಗಿದ್ದರೆ ಮಂಡಿನೋವಿನವರು ಕುಳಿತರೆ ಏಳಲಾರರು. ಎರಡೂ ಬದಿ ಕೈಯೂರಿ ಏಳಲು ಆಸರೆಯಿರಬೇಕು, ಬೆನ್ನಿಗೆ ಒರಗು ಬೇಕು, ನೆರಳು ಬೇಕು. ಉದ್ಯಾನಗಳಲ್ಲಿ ದಾನಿಗಳ ಹೆಸರು ಕೆತ್ತಿದ, ಒರಗಿಲ್ಲದ ನುಣುಪು ಗ್ರಾನೈಟ್ ಬೆಂಚುಗಳನ್ನು ನೋಡಿದಾಗಲೆಲ್ಲ, ಕಟ್ಟಿಸುವ ಮೊದಲು ಎಪ್ಪತ್ತು ದಾಟಿದ ಒಬ್ಬರನ್ನು ಅದರ ಮೇಲೆ ಕೂರಿಸಿ ಎಬ್ಬಿಸಿ ನೋಡಬಹುದಿತ್ತಲ್ಲ ಎನ್ನಿಸುತ್ತದೆ.

ಶೌಚಾಲಯದ ಬಗ್ಗೆ ನಮ್ಮ ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ಅದು ಯಾವ ಮನವಿಪತ್ರದಲ್ಲೂ ಇರುವುದಿಲ್ಲ. ಎದುರುಮನೆಯ ಅಜ್ಜಿ ರಕ್ತದೊತ್ತಡಕ್ಕೆ ತೆಗೆದುಕೊಳ್ಳುವ ಮಾತ್ರೆಯಿಂದ ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಮದುವೆಗೋ ದೇವಸ್ಥಾನಕ್ಕೋ ಹೋಗುವ ದಿನ ಅವರು ಆ ಮಾತ್ರೆಯನ್ನೇ ನುಂಗುವುದಿಲ್ಲ, ಬೆಳಿಗ್ಗೆಯಿಂದ ನೀರನ್ನೂ ಕುಡಿಯುವುದಿಲ್ಲ. ಇದನ್ನು ಅವರು ನನ್ನ ಅಮ್ಮನಿಗೆ ಗುಟ್ಟಾಗಿ ಹೇಳಿದ್ದರು. ಊರಿನಲ್ಲಿ ಶುಚಿಯಾದ ಶೌಚಾಲಯವಿಲ್ಲ ಎನ್ನುವುದು ಹೀಗೆ ಒಬ್ಬರ ರಕ್ತದೊತ್ತಡದ ಮೇಲೆ ಹೋಗಿ ಕೂರುತ್ತದೆ. ಜರ್ಮನಿಯ ಆಲೆನ್ ಎಂಬ ಪಟ್ಟಣದಲ್ಲಿ 2000ದ ಸುಮಾರಿಗೆ ಆರಂಭವಾಗಿ ಆ ದೇಶದ ಹಲವು ಊರುಗಳಿಗೆ ಹಬ್ಬಿದ ಒಂದು ಪದ್ಧತಿಯಿದೆ. ಹೋಟೆಲು, ಅಂಗಡಿಗಳು ತಮ್ಮ ಶೌಚಾಲಯವನ್ನು ಗಿರಾಕಿಗಳಲ್ಲದವರಿಗೂ ತೆರೆದಿಟ್ಟು ಬಾಗಿಲಿಗೆ ಒಂದು ಗುರುತು ಅಂಟಿಸುತ್ತವೆ, ಶುಚಿಗೊಳಿಸುವ ಖರ್ಚಿಗೆಂದು ಪಟ್ಟಣದ ಆಡಳಿತ ಅವಕ್ಕೆ ಹಣ ಕೊಡುತ್ತದೆ. ಹೆಜ್ಜೆಗೊಂದು ದರ್ಶಿನಿಯಿರುವ ನಮ್ಮ ಬೆಂಗಳೂರಿಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಇನ್ನೊಂದಿರಲಾರದು.

ಬಸ್ಸಿನ ವಿಷಯದಲ್ಲಿ ನಾವು ಟಿಕೆಟ್ಟಿನ ಬೆಲೆಯ ಬಗ್ಗೆ ಯೋಚಿಸಿದಷ್ಟು ಮೆಟ್ಟಿಲಿನ ಬಗ್ಗೆ ಯೋಚಿಸಿಲ್ಲ. 60 ದಾಟಿದವರಿಗೆ ರಾಜ್ಯದ ಸಾರಿಗೆ ನಿಗಮಗಳಲ್ಲಿ ಶೇ 25ರ ರಿಯಾಯಿತಿಯಿದೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಪ್ರಯಾಣವೇ ಉಚಿತ. ಇವೆರಡೂ ದೊಡ್ಡ ಉಪಕಾರ. ಆದರೆ ಹಳೆಯ ಮಾದರಿಯ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲು ಎತ್ತಲಾಗದವರಿಗೆ ಉಚಿತ ಟಿಕೆಟ್ಟೂ ದೂರವೇ. ನೆಲ ತಗ್ಗಿರುವ ಬಸ್ಸುಗಳು ಬಂದಿವೆ, ಇನ್ನೂ ಬರುತ್ತಿವೆ. ಅವು ನಿಲ್ದಾಣದ ಅಂಚಿಗೆ ಹತ್ತಿಕೊಂಡು ನಿಂತಾಗ ಮಾತ್ರ ಆ ತಗ್ಗಿನಿಂದ ಪ್ರಯೋಜನ. ರಸ್ತೆಯ ನಡುವೆ ನಿಂತರೆ ಹಿರಿಯರು ಫುಟ್‌ಪಾತಿನಿಂದ ಇಳಿದು, ಬೈಕುಗಳ ನಡುವೆ ಓಡಿ, ಮತ್ತೆ ಹತ್ತಬೇಕು. ಜಪಾನಿನ ತೊಯಾಮಾ ನಗರ 2006ರಲ್ಲಿ ಹಳೆಯ ರೈಲು ಹಳಿಯನ್ನು ನೆಲ ತಗ್ಗಿರುವ ಟ್ರಾಮಿಗೆ ಬದಲಾಯಿಸಿತು. ವೇದಿಕೆಯೂ ಟ್ರಾಮಿನ ನೆಲವೂ ಒಂದೇ ಮಟ್ಟ, ಊರುಗೋಲಿನವರು ನಡೆದುಕೊಂಡೇ ಒಳಗೆ ಹೋಗುತ್ತಾರೆ. 65 ದಾಟಿದವರು ಹಗಲಿನಲ್ಲಿ ಊರಿನ ನಡುಭಾಗಕ್ಕೆ ಬಂದುಹೋಗಲು 100 ಯೆನ್‌ನ ರಿಯಾಯಿತಿ ದರ ಇಟ್ಟರು. ಮೊಮ್ಮಕ್ಕಳನ್ನು ಕರೆದುಕೊಂಡು ಬಂದ ಅಜ್ಜ ಅಜ್ಜಿಯರಿಗೆ ನಗರದ ಮೃಗಾಲಯ, ವಿಜ್ಞಾನ ಸಂಗ್ರಹಾಲಯಗಳಿಗೆ ಪ್ರವೇಶ ಉಚಿತ ಎಂದೂ ಮಾಡಿದರು. ಹಿರಿಯರು ಮನೆಯಿಂದ ಹೊರಬರಲು ಒಂದು ಸಂತೋಷದ ನೆಪವನ್ನೂ ಊರೇ ಹುಡುಕಿಕೊಟ್ಟ ಈ ಕ್ರಮ ನನಗೆ ಬಹಳ ಪ್ರಿಯವಾದದ್ದು.

ವಸತಿಯ ಬಗ್ಗೆ ಯೋಚಿಸುವಾಗ ಹಳೆಯ ಬಡಾವಣೆಗಳ ಬುದ್ಧಿವಂತಿಕೆ ಕಣ್ಣಿಗೆ ಕಟ್ಟುತ್ತದೆ. 1898ರ ಪ್ಲೇಗಿನ ನಂತರ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ದೇವಸ್ಥಾನ, ಮಾರುಕಟ್ಟೆ, ಉದ್ಯಾನ, ಶಾಲೆಗಳೆಲ್ಲ ನಡೆದುಹೋಗುವ ದೂರದಲ್ಲಿವೆ. ಅಲ್ಲಿ ಹಾಳಾಗಿರುವುದು ನೆಲವಷ್ಟೇ, ನಕ್ಷೆ ಇಂದಿಗೂ ಗಟ್ಟಿಯಾಗಿದೆ. ಊರಾಚೆಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟು, ಇಳಿಜಾರು, ಕಾವಲು ಎಲ್ಲ ಇದ್ದರೂ ಗೇಟಿನಾಚೆ ಹೆದ್ದಾರಿ. ಕೊತ್ತಂಬರಿ ಸೊಪ್ಪು ಬೇಕಾದರೂ ಮೊಬೈಲಿನಲ್ಲಿ ತರಿಸಬೇಕು. ಮಗಳೊಂದಿಗೆ ಅಂಥ ಕಡೆ ಇರುವ ನನ್ನ ಸೋದರತ್ತೆ ಫೋನಿನಲ್ಲಿ, "ಎಲ್ಲಾ ಚೆನ್ನಾಗಿದೆ ಕಣೇ, ಆದರೆ ದುಡ್ಡು ಕೊಟ್ಟು ಚಿಲ್ಲರೆ ಈಸ್ಕೊಂಡು ಆರು ತಿಂಗಳಾಯ್ತು" ಎಂದಿದ್ದರು. ಸಿಂಗಪುರದಲ್ಲಿ 2018ರಲ್ಲಿ ಪೂರ್ಣವಾಗಿ ತೆರೆದ ಕಂಪುಂಗ್ ಅಡ್ಮಿರಾಲ್ಟಿ ಎಂಬ ಸರ್ಕಾರಿ ವಸತಿ ಸಮುಚ್ಚಯ ಇದಕ್ಕೆ ಕೊಟ್ಟ ಉತ್ತರ ನೋಡುವಂಥದ್ದು. ಕಂಪುಂಗ್ ಎಂದರೆ ಮಲಯ ಭಾಷೆಯಲ್ಲಿ ಹಳ್ಳಿ. ಹಿರಿಯರಿಗಾಗಿ 104 ಚಿಕ್ಕ ಮನೆಗಳು, ಅವುಗಳ ಕೆಳಗೆ ವೈದ್ಯಕೀಯ ಕೇಂದ್ರ, ಅದರ ಕೆಳಗೆ ಊಟದ ಅಂಗಡಿಗಳು, ನೆಲಮಟ್ಟದಲ್ಲಿ ಎಲ್ಲರಿಗೂ ತೆರೆದ ಅಂಗಳ, ಪಕ್ಕದಲ್ಲೇ ಮೆಟ್ರೊ. ಶಿಶುವಿಹಾರವನ್ನೂ ಹಿರಿಯರ ಚಟುವಟಿಕೆಯ ಕೇಂದ್ರವನ್ನೂ ಅಕ್ಕಪಕ್ಕದಲ್ಲಿ ಇಟ್ಟಿದ್ದಾರೆ. ವೃದ್ಧರನ್ನು ಊರ ಹೊರಗೆ ಒಂದು ಕಡೆ ಸೇರಿಸುವ ಬದಲು ಊರಿನ ಗದ್ದಲವನ್ನೇ ಅವರ ಮನೆಯಡಿಗೆ ತಂದಿದ್ದಾರೆ.

ಮನೆಯೊಳಗಿನ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಯಾರಾದರೂ ಜಾರಿ ಬಾಗಿಲಿಗೆ ಅಡ್ಡಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ನಮ್ಮ ಮನೆಯಲ್ಲಿ ಕೀಲುಗಳನ್ನು ಬದಲಾಯಿಸಲು ಬಡಗಿಗೆ ಅರ್ಧ ದಿನ ಸಾಕಾಯಿತು. ಜೊತೆಗೆ ಮೆಟ್ಟಿಲುಗಳ ಅಂಚಿಗೆ ಹಳದಿ ಪಟ್ಟಿ ಬಳಿಸಿ, ಹೆಚ್ಚು ಬೆಳಕಿನ ದೀಪ ಹಾಕಿಸಿದೆವು. ಇಪ್ಪತ್ತರ ಹರೆಯದ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಮೂರನೇ ಒಂದು ಭಾಗದಷ್ಟು ಮಾತ್ರ ಅರವತ್ತರ ಕಣ್ಣಿಗೆ ತಲುಪುತ್ತದೆ ಎಂಬುದು ತಿಳಿದ ಮೇಲೆ, ಸಂಜೆ ನಮ್ಮ ಬೀದಿದೀಪಗಳ ಕೆಳಗೆ ಅಪ್ಪ ಏಕೆ ಹಾಗೆ ತಡವರಿಸುತ್ತಿದ್ದರೆಂದು ಅರ್ಥವಾಯಿತು.

2011ರ ಜನಗಣತಿಯ ಹೊತ್ತಿಗೇ ಭಾರತದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇ 8.6ರಷ್ಟಿದ್ದರು, ಕರ್ನಾಟಕದಲ್ಲಿ ಅದು ಶೇ 9.5. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆ. ಇಂದು ಮೋರಿಯ ಮೇಲೆ ಚಪ್ಪಡಿ ಹಾಸುತ್ತಿರುವವರೂ, ಆ ಬಿಲ್ಲಿಗೆ ಸಹಿ ಹಾಕುವ ಎಂಜಿನಿಯರುಗಳೂ ಆಗ ಆ ಐವರಲ್ಲಿ ಒಬ್ಬರಾಗಿರುವ ಸಾಧ್ಯತೆ ಇದೆ.

ನಾನು ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಫೋಟೊಗಳನ್ನು ಅಂಟಿಸಿ, ಸಂಬಂಧಪಟ್ಟ ಕಚೇರಿಗೆ ಎರಡು ಬಾರಿ ಹೋದೆ. ಮೊದಲ ಸಲ ಅರ್ಜಿಯನ್ನು ಇಟ್ಟುಕೊಂಡರು. ಎರಡನೆಯ ಸಲ ಕಿರಿಯ ಎಂಜಿನಿಯರ್ ಒಬ್ಬರು ಬಂದು ದಾರಿಯನ್ನು ನೋಡಿದರು. "ಮೇಡಂ, ಇಡೀ ರಸ್ತೆ ಮಾಡೋಕೆ ಈ ವರ್ಷ ದುಡ್ಡಿಲ್ಲ, ಅಲ್ಲಾಡೋ ಕಲ್ಲುಗಳನ್ನ ಮಾತ್ರ ಕೂರಿಸಿಕೊಡ್ತೀನಿ" ಎಂದರು; ಹೇಳಿದಂತೆ ಹದಿನೈದು ದಿನದಲ್ಲಿ ಗಾರೆಯವರನ್ನು ಕಳಿಸಿ ಒಂಬತ್ತು ಚಪ್ಪಡಿಗಳನ್ನು ಭದ್ರ ಮಾಡಿಸಿದರು. ಆ 34 ಸೆಂಟಿಮೀಟರ್ ಅಂಚಿಗೆ ನಡುವೆ ಒಂದು ಮೆಟ್ಟಿಲು ಬಂತು. ದಾರಿಯ ಮಧ್ಯದಲ್ಲಿರುವ ಔಷಧಿ ಅಂಗಡಿಯವರಿಗೆ ನಾವು ಹೇಳಿದ್ದು ಇಷ್ಟೇ, ನಿಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮುದುಕರೇ ಅಲ್ಲವೇ ಎಂದು. ಅವರು ತಮ್ಮ ಖರ್ಚಿನಲ್ಲೇ ಅಂಗಡಿಯ ಮುಂದೆ ಮರದ ನೆರಳಿಗೆ, ಕೈಯಾಸರೆಯಿರುವ ಒಂದು ಬೆಂಚು ಹಾಕಿಸಿದರು.

ಈಗ ಅಪ್ಪ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಹೊರಡುತ್ತಾರೆ. ಆ ಬೆಂಚಿನವರೆಗೆ ಒಬ್ಬರೇ ಹೋಗುತ್ತಾರೆ. ಗ್ರಂಥಾಲಯದ ಹಳೆಯ ಜೊತೆಗಾರರಲ್ಲಿ ಇಬ್ಬರು ಅಲ್ಲಿಗೇ ಬರತೊಡಗಿದ್ದಾರೆ, ಔಷಧಿ ಅಂಗಡಿಯ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತಾರೆ. ಅಲ್ಲಿಂದ ಗ್ರಂಥಾಲಯಕ್ಕೆ ಇನ್ನು ಮುನ್ನೂರು ಮೀಟರ್, ನಡುವೆ ಆ ವೃತ್ತ. ಸಂಚಾರ ವಿಭಾಗಕ್ಕೆ ಕೊಡಬೇಕಾದ ಅರ್ಜಿಯನ್ನು ಈ ಸಲ ಅಪ್ಪನೇ ಬರೆದಿದ್ದಾರೆ. ಹದಿನಾಲ್ಕನ್ನು ಮುಕ್ಕಾಲರಿಂದ ಭಾಗಿಸಿದ ಲೆಕ್ಕವನ್ನು, ಒಂದು ಹಂತವನ್ನೂ ಬಿಡದೆ, ಅದರಲ್ಲಿ ಬಿಡಿಸಿ ತೋರಿಸಿದ್ದಾರೆ.